ಎಷ್ಟು ಗಾಡಿ ಕಬ್ಬು?

ಮಳವಳ್ಳಿಯಲ್ಲಿ ನಾನು ಕಂಡ ದೊಡ್ಡ ಭಾರವೆಂದರೆ ಕಬ್ಬಿನ ಲಾರಿ. ಪಿಎಚ್‌ಡಿಗೆಂದು ನೆದರ್ಲೆಂಡ್ಸ್‌ಗೆ ಬಂದ ಮೇಲೆ, ಒಂದು ಸಂಜೆ ರಾಟರ್‌ಡ್ಯಾಮ್ ಬಂದರಿನಲ್ಲಿ 'ಸ್ಲೀಪ್ನಿರ್' ಸಿಕ್ಕಿತು. 220 ಮೀಟರ್ ಉದ್ದದ ಹಡಗು, ಮೇಲೆ ತಲಾ 10,000 ಟನ್ ಎತ್ತಬಲ್ಲ ಎರಡು ಕ್ರೇನು. 2019ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ 15,300 ಟನ್ ಒಂದೇ ಸಲಕ್ಕೆ ಎತ್ತಿ ಆಗ ದಾಖಲೆ ಮಾಡಿತ್ತು. ಕ್ಯಾಮೆರಾದೊಳಗೆ ಮಾತ್ರ ಅದು ಆಟಿಕೆಯಂತೆಯೇ ಕಾಣುತ್ತಿತ್ತು. ಬೆಳಕು ಕಂದಿ, ಕೆಳಗೆ ಟಗ್ ದೋಣಿಯೊಂದು ದೀಪ ಹಚ್ಚಿಕೊಂಡು ಹಾದಾಗಲೇ ಗಾತ್ರ ಫೋಟೋಕ್ಕೆ ಬಂದದ್ದು. ಅದನ್ನೇ ಅಪ್ಪನಿಗೆ ಕಳಿಸಿದೆ.

"ಎಷ್ಟ್ ಗಾಡಿ ಕಬ್ಬು ಎತ್ತದಪ್ಪ ಇದು?"

ಲಾರಿಗೆ ಇಪ್ಪತ್ತು ಟನ್ ಅಂದುಕೊಂಡರೂ ಸಾವಿರ ಲಾರಿ, ಎಂದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ತಲೆ ಮೇಲೆ ಹೊರೆ ಹೊತ್ತು, ಹಲಗೆ ಹತ್ತಿ ಲಾರಿ ತುಂಬಿದವನು. ಈಗ ಸೊಂಟಕ್ಕೆ ಬೆಲ್ಟು ಕಟ್ಟದೆ ಕೂರಲಾರ.

"ಹೊರೆ ಕಟ್ಟೋರು ಬೇಕಲ್ವಾ ಅದ್ಕೂ?"

ಇದ್ದಾರೆ, ಎಂದೆ.

"ಕೂಲಿ ಎಷ್ಟಂತೆ?"