ಹತ್ತು ದಿನದ ರೈಲುದಾರಿ

ನಮ್ಮ ಮನೆಯ ದಸರಾ ಗೊಂಬೆಗಳ ಸುತ್ತ ಓಡುವ ರೈಲನ್ನು ನೋಡಲು ಬಂದವರು ಎಂಜಿನ್ನನ್ನು ಹೊಗಳುತ್ತಾರೆ, ಬೋಗಿಗಳನ್ನು ಎಣಿಸುತ್ತಾರೆ, ಮಕ್ಕಳಾದರೆ ಸುರಂಗದೊಳಗೆ ಬೆರಳು ತೂರಿಸುತ್ತಾರೆ. ಹಳಿಯ ಕೆಳಗಿರುವ ಕಾಲುಗಳನ್ನು ಮಾತ್ರ ಯಾರೂ ನೋಡುವುದಿಲ್ಲ. ನೋಡಬಾರದೆಂದೇ ಮುಂದೆ ಜರಿಯಂಚಿನ ಪಂಚೆ ಇಳಿಬಿಟ್ಟಿರುತ್ತೇವೆ. ನನ್ನ ಮಟ್ಟಿಗೆ ರೈಲು ಒಂದು ನೆಪ. ಅಸಲು ಆಟ ಇರುವುದು ಆ ಪಂಚೆಯ ಹಿಂದೆ. ಒಂದು ಸಂಜೆಯೊಳಗೆ ಎದ್ದು ನಿಲ್ಲಬೇಕು, ನವರಾತ್ರಿ ಕಳೆಯುವವರೆಗೆ ಮಿಸುಕಬಾರದು, ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿದ ಮೇಲೆ ತಕರಾರಿಲ್ಲದೆ ಕಳಚಿಕೊಂಡು ಅಟ್ಟ ಸೇರಬೇಕು. ಇಷ್ಟನ್ನೂ ಮಾಡಬಲ್ಲ ಒಂದು ಮರದ ಕಾಲನ್ನು ರೂಪಿಸುವುದರಲ್ಲಿ ಇರುವ ಸುಖ ರೈಲು ಓಡಿಸುವುದರಲ್ಲಿ ಇಲ್ಲ ಎಂದರೆ ನಮ್ಮ ಮನೆಯ ಮಕ್ಕಳು ನಂಬುವುದಿಲ್ಲ.

ಗೊಂಬೆ ಕೂರಿಸುವ ಮನೆಯಲ್ಲಿ ಎಲ್ಲವೂ ಹತ್ತು ದಿನದ್ದೇ. ಹಿಂದೆ ಟ್ರಂಕು, ಬೆಂಚು, ಡಬ್ಬಗಳನ್ನು ಏರಿಳಿಸಿ ಜೋಡಿಸಿ ಮೇಲೊಂದು ಬಿಳಿ ಪಂಚೆ ಹಾಸಿದರೆ ಮೆಟ್ಟಿಲಾಯಿತು. ಈಗ ತೂತಿನ ಆಂಗಲ್ಲಿಗೆ ನಟ್ಟು ಬೋಲ್ಟು ಬಿಗಿದು ನಿಲ್ಲಿಸುವ ಸ್ಟ್ಯಾಂಡು ಬಂದಿದೆ. ಐದೋ ಏಳೋ ಒಂಬತ್ತೋ, ಒಟ್ಟಿನಲ್ಲಿ ಬೆಸ ಸಂಖ್ಯೆಯ ಮೆಟ್ಟಿಲು. ತುದಿಯಲ್ಲಿ ರಾಜ ರಾಣಿ, ಕೆಳಗೆ ಶೆಟ್ಟಿ ಶೆಟ್ಟಮ್ಮನ ಅಂಗಡಿ, ಅದರ ಪಕ್ಕ ರಾಗಿ ಪೈರಿನ ಪಾರ್ಕು. ಆ ಪಾರ್ಕಿನಲ್ಲಿ ಕೀಲಿ ಕೊಟ್ಟರೆ ಸುತ್ತುವ ತಗಡಿನ ರೈಲು ಹಳೆಯ ಮೈಸೂರಿನ ಎಷ್ಟೋ ಮನೆಗಳಲ್ಲಿತ್ತು. ನಮ್ಮಲ್ಲಿ ಅದು ಬೆಳೆದು ಪಾರ್ಕನ್ನು ದಾಟಿತು, ಮೆಟ್ಟಿಲನ್ನು ಬಳಸಿತು, ಈಗ ನಡುಮನೆಯ ಮೂರು ಗೋಡೆಗಳನ್ನೂ ಸುತ್ತಿ ಬರುತ್ತದೆ.

ನಮ್ಮದು ಎಚ್‌ಓ ಅಳತೆಯ ರೈಲು. ಅಸಲಿನ 87ರಲ್ಲಿ ಒಂದು ಪಾಲು. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಅದು ವಿದೇಶದ ಸ್ಟ್ಯಾಂಡರ್ಡ್ ಗೇಜಿಗೆ ಸರಿಹೊಂದುವ ಲೆಕ್ಕ. ನಮ್ಮ 1,676 ಮಿಲಿಮೀಟರಿನ ಬ್ರಾಡ್‌ಗೇಜನ್ನು 87ರಿಂದ ಭಾಗಿಸಿದರೆ 19 ಮಿಲಿಮೀಟರಿಗೂ ಮೇಲೆ ಬರಬೇಕು. ಈ ವಿಷಯದಲ್ಲಿ ಮಡಿವಂತರಾದವರು ಇದ್ದಾರೆ. ನಮ್ಮ ಗೊಂಬೆಗಳಲ್ಲಿ ಶೆಟ್ಟಿ ಆನೆಗಿಂತ ಎತ್ತರವಾಗಿರುವುದರಿಂದ ನಾನು ಆ ಮಡಿಗೆ ಹೋಗಲಿಲ್ಲ. ಆದರೆ ಒಂದು ಅಳತೆಯಲ್ಲಿ ಮಾತ್ರ ರಿಯಾಯಿತಿ ಸಿಗುವುದಿಲ್ಲ. ಇಂದಿನ ಒಳ್ಳೆಯ ಚಕ್ರಗಳಲ್ಲಿ ಹಳಿಯೊಳಗೆ ಇಳಿದು ದಾರಿ ಹಿಡಿಯುವ ಅಂಚು ಒಂದು ಮಿಲಿಮೀಟರಿಗಿಂತ ಕಡಿಮೆ. ಎರಡು ಹಲಗೆಗಳು ಸೇರುವ ಕಡೆ ಒಂದು ಹಳಿ ಅರ್ಧ ಮಿಲಿಮೀಟರು ಮೇಲೆದ್ದರೆ ಅಥವಾ ಪಕ್ಕಕ್ಕೆ ಜರುಗಿದರೆ ಎಂಜಿನ್ನು ದಾಟಿಕೊಂಡೀತು, ಹಿಂದಿನ ಹಗುರ ಬೋಗಿ ಮಗುಚುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ಕಟ್ಟುವ ಮರದ ಸಾಮಾನಿನಿಂದ ಅರ್ಧ ಮಿಲಿಮೀಟರಿನ ನಂಬಿಕೆ ಕೇಳುವುದು, ಇದೇ ಈ ಹವ್ಯಾಸದ ತಿರುಳು.

ಶುರು ಮಾಡಬೇಕಾದ್ದು ಹಳಿಯಿಂದಲ್ಲ, ಅಟ್ಟದ ಬಾಯಿಂದ. ಅಲ್ಲಿ ಯಾವುದು ತೂರುವುದಿಲ್ಲವೋ ಅದನ್ನು ಕಟ್ಟುವುದೇ ದಂಡ. ನಮ್ಮ ಅಟ್ಟದ ಬಾಯಿಗೆ ಒಗ್ಗಿದ್ದು 120 ಸೆಂಟಿಮೀಟರ್ ಉದ್ದ, 45 ಅಗಲದ ಹಲಗೆ. ಮೇಲೆ 9 ಮಿಲಿಮೀಟರಿನ ಪ್ಲೈವುಡ್, ಸುತ್ತ 12 ಮಿಲಿಮೀಟರಿನ ಪಟ್ಟಿ. ಏಣಿಯ ಮೇಲೆ ನಿಂತವರು ಒಂದೇ ಕೈಯಲ್ಲಿ ಹಿಡಿದು ಮೇಲಕ್ಕೆ ತಳ್ಳುವಷ್ಟು ಹಗುರ. ಎರಡೆರಡು ಹಲಗೆಗಳನ್ನು ಮುಖಕ್ಕೆ ಮುಖ ಮಾಡಿ, ತುದಿಗೊಂದೊಂದು ಅಡ್ಡಹಲಗೆ ಬಿಗಿದರೆ ಅದೇ ಪೆಟ್ಟಿಗೆ. ಹಳಿ, ಸಿಗ್ನಲ್ಲು, ಮರಗಿಡ ಎಲ್ಲ ಒಳಗೆ ಭದ್ರ. ಇಲಿಗೆ ಹೊರಗಿನ ಪ್ಲೈವುಡ್ಡಷ್ಟೇ ಸಿಗುತ್ತದೆ.

ಇದನ್ನೆಲ್ಲ ಮಾಡಿಕೊಟ್ಟ ಆಚಾರ್ರಿಗೂ ನನಗೂ ಮೊದಲಿನಿಂದ ಒಂದೇ ಜಗಳ. ಅವರ ವಿದ್ಯೆಯೆಲ್ಲ ಕೂಡಿಸುವುದರಲ್ಲಿದೆ, ನನಗೆ ಬೇಕಾದ್ದು ಬಿಡಿಸುವುದು.

"ಸಾರ್, ಫೆವಿಕಾಲ್ ಹಾಕಿ ನಾಲ್ಕು ಮೊಳೆ ಹೊಡೆದ್ಬಿಟ್ರೆ ನಿಮ್ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ."

"ಅಲ್ಲಾಡದೆ ಹೋದರೆ ಅಟ್ಟಕ್ಕೆ ಹತ್ತೋದು ಹೇಗೆ ಆಚಾರ್ರೇ?"

"ಬಿಚ್ಚೋದಕ್ಕೇ ಅಂತ ಯಾರಾದ್ರೂ ಕೆಲ್ಸ ಮಾಡಿಸ್ತಾರಾ?"

ಮಾಡಿಸುತ್ತಾರೆ, ಅದೂ ನೂರೈವತ್ತು ವರ್ಷಗಳಿಂದ ಎಂದು ಹೇಳಲು ಹೊರಟೆ. ಅವರು ಆಗಲೇ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಗೀಟು ಹಾಕತೊಡಗಿದ್ದರು. ಹೇಳಬೇಕೆಂದಿದ್ದ ಕತೆ ಪೌಲ್ ಡಿಕೋವಿಲ್‌ನದು. ಪ್ಯಾರಿಸ್ಸಿನ ದಕ್ಷಿಣಕ್ಕೆ ಆತನ ಜಮೀನು. 1875ರಲ್ಲಿ ಸಕ್ಕರೆಗೆಡ್ಡೆ ಕೀಳುವ ಕಾಲಕ್ಕೆ ಮಳೆ ಹಿಡಿದು ಗಾಡಿಗಳು ಕೆಸರಿನಲ್ಲಿ ಹೂತವು. ಕಬ್ಬಿಣದ ಹಳಿ, ಕಬ್ಬಿಣದ ಅಡ್ಡಪಟ್ಟಿ ಎರಡನ್ನೂ ಮೊದಲೇ ಏಣಿಯಂತೆ ಬೆಸೆದು, ಜನ ಎತ್ತಿಕೊಂಡು ಹೋಗಿ ಬೇಕಾದಲ್ಲಿ ಹಾಸಬಹುದಾದ ಹಳಿಯ ತುಂಡುಗಳು ಅವನ ಹೆಸರಿನಲ್ಲೇ ಪ್ರಸಿದ್ಧವಾದವು. 1889ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ, ಐಫೆಲ್ ಗೋಪುರ ಮೊದಲ ಸಲ ಜನರ ಕಣ್ಣಿಗೆ ಬಿದ್ದ ಅದೇ ಜಾತ್ರೆಯಲ್ಲಿ, ಅವನ 60 ಸೆಂಟಿಮೀಟರಿನ ಪುಟ್ಟ ರೈಲು ಸುಮಾರು ಮೂರು ಕಿಲೋಮೀಟರು ಓಡಿತು. ಇಪ್ಪತ್ತು ವರ್ಷಕ್ಕೆ ಕಳಚಬೇಕೆಂದು ಕಟ್ಟಿದ ಗೋಪುರ ಹಾಗೇ ಉಳಿದುಹೋಯಿತು. ತಾತ್ಕಾಲಿಕವೆಂದು ನಿಲ್ಲಿಸಿದ್ದು ಬೇರುಬಿಡುವುದು ನಮ್ಮೂರಿನ ಪೆಟ್ಟಿಗೆ ಅಂಗಡಿಗಳಿಗಷ್ಟೇ ಒಲಿದ ವಿದ್ಯೆಯಲ್ಲ.

ನಮ್ಮ ರೈಲ್ವೆಯೂ ಈ ಕೆಲಸದಲ್ಲಿ ಪಳಗಿದೆ. ಮಳೆಗೆ ಏರಿ ಕೊಚ್ಚಿಹೋದಾಗ, ಹಳೆಯ ಸೇತುವೆಯ ಕಂಬ ಬದಲಿಸುವಾಗ ಮರದ ಸ್ಲೀಪರುಗಳನ್ನು ಒಂದು ಸಾಲು ಉದ್ದಕ್ಕೆ, ಒಂದು ಸಾಲು ಅಡ್ಡಕ್ಕೆ ಪೇರಿಸಿ, ಅದರ ಮೇಲೆ ತಾತ್ಕಾಲಿಕ ಗರ್ಡರು ಕೂರಿಸಿ ರೈಲು ದಾಟಿಸುತ್ತಾರೆ. ಅಲ್ಲಿ ವೇಗಮಿತಿಯ ಫಲಕ ನಿಂತಿರುತ್ತದೆ, ರೈಲು ನಡೆದಂತೆ ಹೋಗುತ್ತದೆ. ಕಿಟಕಿಯಲ್ಲಿ ಕೂತವರು ರೈಲು ಯಾಕಪ್ಪಾ ತೆವಳುತ್ತಿದೆ ಎಂದು ಗೊಣಗುವಾಗ ನಾನು ಬಾಗಿಲಿಗೆ ಹೋಗಿ ಕೆಳಗೆ ಇಣುಕುವ ಜಾತಿ.

ಮತ್ತೆ ನಡುಮನೆಗೆ ಬರೋಣ. ನಮ್ಮದು ರೆಡ್ ಆಕ್ಸೈಡಿನ ಹಳೆಯ ನೆಲ. ತೊಳೆದ ನೀರು ಬಚ್ಚಲ ಕಡೆ ಹರಿಯಲೆಂದು ಹಿರಿಯರು ಅದಕ್ಕೆ ಇಳಿಜಾರು ಕೊಟ್ಟಿದ್ದಾರೆ. ಕಣ್ಣಿಗೆ ಕಾಣದು, ರಸಮಟ್ಟಕ್ಕೆ ಕಾಣುತ್ತದೆ. ಮೂರು ಕಾಲಿನದು ಎಂಥ ನೆಲದ ಮೇಲೂ ಕುಂಟುವುದಿಲ್ಲ, ನಾಲ್ಕು ಕಾಲಿನದು ಒಂದನ್ನು ಎತ್ತಿಕೊಂಡೇ ನಿಲ್ಲುತ್ತದೆ. ಹಾಗೆಂದು ಎಲ್ಲ ಹಲಗೆಗೂ ಮೂರೇ ಕಾಲು ಹಾಕಿದರೆ ಮಗುವೊಂದು ಮೂಲೆಗೆ ಕೈಯೂರಿದಾಗ ಇಡೀ ಊರೇ ವಾಲುತ್ತದೆ. ಬಳಕೆಯಲ್ಲಿರುವ ಉಪಾಯ ಬೇರೆ: ಮೊದಲ ಹಲಗೆಗೆ ಮಾತ್ರ ನಾಲ್ಕು ಕಾಲು. ಮುಂದಿನವುಗಳಿಗೆ ಎರಡೆರಡೇ, ಇನ್ನೊಂದು ತುದಿ ಹಿಂದಿನ ಹಲಗೆಯ ಮೇಲೆ ಭಾರ ಹಾಕುತ್ತದೆ. ಸಂತೆಯಲ್ಲಿ ಅಪ್ಪನ ಪಂಚೆ ಹಿಡಿದು, ಅಣ್ಣನ ಅಂಗಿ ಹಿಡಿದು ಸಾಲಾಗಿ ನಡೆಯುವ ಮಕ್ಕಳಿದ್ದಂತೆ ಹಲಗೆಗಳು ಗೋಡೆಯುದ್ದಕ್ಕೂ ಹೊರಡುತ್ತವೆ. ಮೊದಲನೆಯದು ಮಟ್ಟವಾಗಿ ನಿಂತರೆ ಉಳಿದವನ್ನು ಮಣಿಸುವುದು ಸುಲಭ. ಪ್ರತಿ ಕಾಲಿನ ಬುಡದಲ್ಲಿ ಒಂದು ನಟ್ಟನ್ನು ಮರದೊಳಗೆ ಹುದುಗಿಸಿ, ಕೆಳಗಿಂದ 8 ಮಿಲಿಮೀಟರಿನ ಬೋಲ್ಟು ತಿರುಗಿಸಿದ್ದೇನೆ. ಸ್ಪ್ಯಾನರಿನಲ್ಲಿ ಒಂದು ಸುತ್ತು ತಿರುಗಿಸಿದರೆ ಕಾಲು ಒಂದೂಕಾಲು ಮಿಲಿಮೀಟರು ಉದ್ದವಾಗುತ್ತದೆ. ನೆಲಕ್ಕೆ ಮಂಡಿಯೂರಿ, ಒಂದು ಕೈ ಸ್ಪ್ಯಾನರಿನ ಮೇಲೆ, ಕಣ್ಣು ರಸಮಟ್ಟದ ಗುಳ್ಳೆಯ ಮೇಲೆ ಇಟ್ಟು ಗುಳ್ಳೆ ಎರಡು ಗೆರೆಗಳ ನಡುವೆ ಬಂದು ಕೂರುವ ಆ ಗಳಿಗೆಗೆ ನಾನು ವರ್ಷವಿಡೀ ಕಾಯುತ್ತೇನೆ.

ಹಲಗೆಗೆ ಹಲಗೆ ಜೋಡಿಸುವ ಬಗೆಯ ಮೇಲೆ ಲೋಕದ ರೈಲು ಹುಚ್ಚರೆಲ್ಲ ತಲೆ ಕೆಡಿಸಿಕೊಂಡಿದ್ದಾರೆ. ಕ್ಲಾಂಪು ಹಾಕುವವರಿದ್ದಾರೆ, ಬೋಲ್ಟು ಬಿಗಿಯುವವರಿದ್ದಾರೆ. ಅಮೆರಿಕದಲ್ಲಿ 1970ರ ದಶಕದಲ್ಲಿ ಎನ್‌ಟ್ರ್ಯಾಕ್ ಎಂಬ ಪದ್ಧತಿ ಹುಟ್ಟಿತು: ಹಲಗೆಯ ಉದ್ದ, ಹಳಿಯ ಸ್ಥಾನ, ನೆಲದಿಂದ 40 ಇಂಚು ಎತ್ತರ, ಎಲ್ಲವೂ ಮೊದಲೇ ನಿಗದಿ. ಒಬ್ಬರ ಮುಖ ಒಬ್ಬರು ನೋಡಿರದವರು ತಂತಮ್ಮ ಹಲಗೆ ಹೊತ್ತು ಒಂದು ಸಭಾಂಗಣಕ್ಕೆ ಬಂದು ಸೇರಿಸಿದರೆ ರೈಲು ಎಲ್ಲರ ಊರನ್ನೂ ಹಾದು ಹೋಗುತ್ತದೆ. ನನಗೆ ಅಂಥ ಬಂಧುಬಳಗವಿಲ್ಲ. ನನ್ನ ಹಲಗೆ ನನ್ನ ಹಲಗೆಗೆ ಕೂಡಿದರೆ ಸಾಕು. ಅದಕ್ಕೆ ಸಾಮಾನ್ಯ ಬಾಗಿಲ ಕೀಲೇ ನನ್ನ ಆಯ್ಕೆ. ಕೀಲಿನ ಒಂದು ರೆಕ್ಕೆ ಈ ಹಲಗೆಗೆ, ಇನ್ನೊಂದು ಆ ಹಲಗೆಗೆ. ಮಧ್ಯದ ಕಡ್ಡಿಯನ್ನು ಸುತ್ತಿಗೆಯಿಂದ ಬಡಿದು ಹೊರಗೆ ಹಾಕಿ, ಆ ಜಾಗಕ್ಕೆ ಬಿಗಿಯಾಗಿ ಕೂರುವ ಉಕ್ಕಿನ ಕಡ್ಡಿ ತೂರಿಸಿ ತುದಿಯನ್ನು ಬಗ್ಗಿಸಿದರೆ ಹಿಡಿಕೆಯೂ ಆಯಿತು. ಕಡ್ಡಿ ಎಳೆದರೆ ಎರಡು ಊರು ಬೇರೆ, ತೂರಿಸಿದರೆ ಒಂದು. ಸ್ಕ್ರೂಡ್ರೈವರು ಬೇಡ, ಬೆಳಕೂ ಬೇಡ. ಬೆರಳೇ ಸಾಕು.

ಹಳಿಯನ್ನು ಆ ಸಂದಿನಲ್ಲಿ ಕೂಡಿಸುವ ಕ್ರಮ ಇನ್ನೂ ಸೊಗಸು. ಎರಡು ಹಲಗೆಗಳನ್ನು ಮೊದಲು ಬಿಗಿದು, ಅಂಚಿನಿಂದ ಕೂದಲೆಳೆ ಹಿಂದಕ್ಕೆ ಹಿತ್ತಾಳೆಯ ತಿರುಪುಗಳನ್ನು ಇಳಿಸಿ, ಅವುಗಳ ತಲೆಯ ಮೇಲೆ ಹಳಿಯನ್ನು ಸಂದಿನ ಆಚೆ ಈಚೆ ಒಂದೇ ತುಂಡಾಗಿ ಮಲಗಿಸಿ ಬೆಸುಗೆ ಹಾಕುವುದು. ಎಲ್ಲ ತಣ್ಣಗಾದ ಮೇಲೆ ಸಣ್ಣ ಹಲ್ಲಿನ ಗರಗಸದಿಂದ ಸರಿಯಾಗಿ ಸಂದಿನ ಮೇಲೆ ಕೊಯ್ಯುವುದು. ಬೇರೆ ಬೇರೆ ಹಳಿಗಳನ್ನು ತಂದು ಎದುರುಬದುರು ಕೂರಿಸಲು ಹೆಣಗುವುದಕ್ಕಿಂತ ಕೂಡಿದ್ದನ್ನು ಕತ್ತರಿಸುವುದು ಎಷ್ಟೋ ವಾಸಿ. ದಸರಾ ಬರುವುದು ಮಳೆಗಾಲದ ಬಾಲದಲ್ಲಿ, ಮರ ಇನ್ನೂ ತೇವ ಕುಡಿದಿರುವಾಗ. ಮೇಲಾಗಿ ಪಕ್ಕದಲ್ಲೇ ರಾಗಿ ಪೈರಿಗೆ ದಿನಾ ನೀರು. ಕೊಯ್ದ ಸಂದು ಒಂದು ವರ್ಷ ಕೂದಲೆಳೆಯಷ್ಟಿದ್ದರೆ ಇನ್ನೊಂದು ವರ್ಷ ಉಗುರಿನ ದಪ್ಪ. ಉದ್ದದ ದಿಕ್ಕಿನ ಈ ಹಿಗ್ಗು ಕುಗ್ಗನ್ನು ಚಕ್ರ ಸಹಿಸುತ್ತದೆ. ಎತ್ತರದ್ದನ್ನು ಸಹಿಸುವುದಿಲ್ಲ, ಆ ಹೊಣೆ ಕೀಲಿನದು.

ಇನ್ನು ಘಾಟಿ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ 55 ಕಿಲೋಮೀಟರಿನಲ್ಲಿ ರೈಲು 57 ಸುರಂಗ ಹಾದು, 50ಕ್ಕೆ 1ರ ಇಳಿಜಾರಿನಲ್ಲಿ ಬ್ರೇಕು ಹಿಡಿದುಕೊಂಡೇ ಸಾಗುತ್ತದೆ. ನಮ್ಮ ಮನೆಯ ರೈಲು ಮೆಟ್ಟಿಲಿನ ಹಿಂದೆ ಏರಿ, ತನ್ನದೇ ಹಳಿಯನ್ನು ಮೇಲಿನಿಂದ ದಾಟಬೇಕು. ಅದಕ್ಕೆ ಸುಮಾರು 75 ಮಿಲಿಮೀಟರು ಎತ್ತರ ಬೇಕು. ಘಾಟಿಯದೇ ಏರನ್ನು ಇಟ್ಟುಕೊಂಡರೆ ಮೀಟರಿಗೆ ಎರಡು ಸೆಂಟಿಮೀಟರು. ಕಾಲು ಮೀಟರಿಗೊಂದು ಕಂಬ ನಿಲ್ಲಿಸಿದರೆ ಪ್ರತಿ ಕಂಬ ಹಿಂದಿನದಕ್ಕಿಂತ 5 ಮಿಲಿಮೀಟರು ಎತ್ತರ. ಹದಿನೈದು ಕಂಬ. ಕಂಬವೆಂದರೆ ಎರಡು ಪ್ಲೈವುಡ್ ತುಂಡು, ಒಂದಕ್ಕೆ ಮೇಲಿಂದ ಅರ್ಧ, ಇನ್ನೊಂದಕ್ಕೆ ಕೆಳಗಿಂದ ಅರ್ಧ ಸೀಳು. ಒಂದರೊಳಗೊಂದು ಇಳಿಸಿದರೆ ಗುಣಾಕಾರದ ಗುರುತಿನಂತೆ ತಾನೇ ನಿಲ್ಲುತ್ತದೆ, ಎಳೆದರೆ ಚಪ್ಪಟೆ. ಇಡೀ ಘಾಟಿ ಒಂದು ಶೂ ಡಬ್ಬದಲ್ಲಿ ಹಿಡಿಯುತ್ತದೆ. ಗುರುತಿಗೆ ಅಕ್ಷರ ಬರೆದೆ: ಕದಿಂದ ಣದವರೆಗೆ ಸರಿಯಾಗಿ ಹದಿನೈದು. ಶಾಲೆ ಬಿಟ್ಟ ಮೇಲೆ ಕೆಲಸವಿಲ್ಲದೆ ಕೂತಿದ್ದ ಙ ಮತ್ತು ಞಗಳಿಗೆ ನಮ್ಮ ಮನೆಯಲ್ಲಿ ವರ್ಷಕ್ಕೆ ಹತ್ತು ದಿನ ರೈಲ್ವೆ ನೌಕರಿ. ಏರು ಶುರುವಾಗುವಲ್ಲಿ, ಮುಗಿಯುವಲ್ಲಿ ಹಳಿ ಮೆಲ್ಲಗೆ ಬಾಗಬೇಕು, ಇಲ್ಲದಿದ್ದರೆ ಎಂಜಿನ್ನಿನ ಮೂತಿ ತಾಕುತ್ತದೆ. ಆ ಸಲುವಾಗಿ ತ, ಥ ಎಂಬ ಎರಡು ಹಂಗಾಮಿ ಕಂಬಗಳೂ ಸೇರಿವೆ.

ಪುಣೆಯ ಕೊಥ್ರೂಡಿನಲ್ಲಿ ಜೋಷಿಯವರ ಕಿರುರೈಲು ಮ್ಯೂಸಿಯಂ ಇದೆ, 1998ರಲ್ಲಿ ತೆರೆದದ್ದು. ಅದಕ್ಕೂ ಮೊದಲು ಭಾವೂ ಜೋಷಿಯವರು ಪ್ರದರ್ಶನಗಳಿಗೆಂದು ಬಿಚ್ಚಿ ಜೋಡಿಸುವ ದೊಡ್ಡ ರೈಲುನಗರ ಮಾಡಿದ್ದರು. ಆ ಕಟ್ಟುವ ಬಿಚ್ಚುವ ಶ್ರಮ ಸಾಕಾಗಿ ಒಂದೇ ಕಡೆ ನೆಲೆ ನಿಂತರು. ಅಲ್ಲಿ ಗುಂಡಿ ಒತ್ತಿದರೆ ಇಡೀ ಊರು ಬೆಳಗುತ್ತದೆ. ಅದ್ಭುತವೇ ಸರಿ. ಆದರೂ ಎಂದೂ ಬಿಚ್ಚಬೇಕಾಗಿಲ್ಲದ ರೈಲುದಾರಿಯ ಮುಂದೆ ನಿಂತು ನನ್ನ ಕೈ ಸುಮ್ಮನಿರಲು ಒಪ್ಪುವುದಿಲ್ಲ.

ಈ ವ್ಯವಸ್ಥೆಯಲ್ಲಿ ತೀರಾ ಕಷ್ಟ ಕೊಟ್ಟ ತುಂಡು ಅಡಿಗೆಮನೆಯ ಬಾಗಿಲಿಗೆ ಅಡ್ಡ ಬರುವುದು. ಸಂಜೆ ಆರತಿಯ ಹೊತ್ತಿಗೆ ಗೊಂಬೆ ಬಾಗಿನಕ್ಕೆ ಮಕ್ಕಳು ನೆರೆಯುತ್ತಾರೆ, ಅತ್ತಿಗೆ ತಟ್ಟೆ ಹಿಡಿದು ಒಳಗೂ ಹೊರಗೂ ಓಡಾಡಬೇಕು. ಹಳಿಯ ಕೆಳಗೆ ನುಸುಳಿ ಬನ್ನಿ ಎಂದು ಅವರಿಗೆ ಹೇಳುವ ಧೈರ್ಯ ನಮ್ಮಣ್ಣನಿಗೂ ಇಲ್ಲ. ಹಾಗಾಗಿ ಅಲ್ಲೊಂದು ಎತ್ತುವ ಸೇತುವೆ. ಒಂದು ತುದಿಗೆ ಕೀಲು, ಇನ್ನೊಂದು ತುದಿಗೆ ಹಿತ್ತಾಳೆಯ ಎರಡು ಚಿಲಕ. ಚಿಲಕ ಎರಡು ಕೆಲಸ ಮಾಡುತ್ತದೆ: ಹಾಕಿದರೆ ಹಳಿಗೆ ಹಳಿ ಎದುರಾಗಿ ನಿಲ್ಲುತ್ತದೆ, ಜೊತೆಗೆ ಸೇತುವೆಗೂ ಅದರ ಎರಡೂ ಬದಿಯ ಒಂದೊಂದು ಮೀಟರು ಹಳಿಗೂ ಹೋಗುವ 12 ವೋಲ್ಟು ವಿದ್ಯುತ್ತು ಆ ಚಿಲಕಗಳ ಮೂಲಕವೇ ಹರಿಯುತ್ತದೆ. ಚಿಲಕ ತೆಗೆದರೆ ಬರುತ್ತಿದ್ದ ರೈಲು ಒಂದು ಮೀಟರು ದೂರದಲ್ಲೇ ನಿಂತುಬಿಡುತ್ತದೆ, ಬಾವಿಗೆ ಬಿದ್ದಂತೆ ನೆಲಕ್ಕೆ ಬೀಳುವುದಿಲ್ಲ.

ಇದರ ಗುಟ್ಟು ಅತ್ತಿಗೆಗೆ ಮೊದಲ ದಿನವೇ ಗೊತ್ತಾಯಿತು. ಈಗ ಕೋಸಂಬರಿ ಹಂಚಿ ಮುಗಿಯುವವರೆಗೆ ಚಿಲಕ ಹಾಕುವುದೇ ಇಲ್ಲ. ಮಕ್ಕಳು ರೈಲು ರೈಲು ಎಂದು ಕೂಗಿಕೊಂಡರೆ, "ಕ್ರಾಸಿಂಗ್ ಇದೆ, ಕಾಯಿರಿ," ಎನ್ನುತ್ತಾರೆ. ನನ್ನ ಕಡೆ ತಿರುಗಿ, "ಬರೋ ವರ್ಷ ಇದಕ್ಕೊಂದು ಗಂಟೆ ಹಾಕಿಕೊಡಪ್ಪ," ಎಂದು ಹೇಳಿಯೂ ಆಗಿದೆ. ಗಂಟೆ ಹಾಕಬಹುದು. ಆದರೆ ಅದಕ್ಕೆ ಬೇರೆ ತಂತಿ, ಬೇರೆ ಪ್ಲಗ್ಗು, ಅದನ್ನು ನಿಲ್ಲಿಸಲು ಇನ್ನೊಂದು ಕಾಲು ಬೇಕು. ಕಾಲಿನ ನಕ್ಷೆ ಆಗಲೇ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ತಯಾರಾಗುತ್ತಿದೆ.