ಶೆಟ್ಟರ ಅಂಗಡಿಯ ಬಿಸ್ಕತ್ತು

ನಾಗಲಮಡಿಕೆ
ಪುಷ್ಯ ಶುದ್ಧ ಸಪ್ತಮಿ

ಮಾತೃಸಮಾನಳಾದ ಅಕ್ಕನಿಗೆ ತಮ್ಮನ ಅನೇಕ ನಮಸ್ಕಾರಗಳು. ಇಲ್ಲಿ ಮಾವ, ಅತ್ತೆ ಮೊದಲಾಗಿ ಎಲ್ಲರೂ ಕ್ಷೇಮ. ನಿನ್ನ ಮಂಡಿನೋವು ಈಗ ಹೇಗಿದೆಯೆಂಬುದನ್ನೂ ಭಾವನವರ ಆರೋಗ್ಯವನ್ನೂ ಕುರಿತು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ನಿನ್ನೆ ಷಷ್ಠಿಯ ರಥೋತ್ಸವವು ಸುಬ್ರಹ್ಮಣ್ಯಸ್ವಾಮಿಯ ಕೃಪೆಯಿಂದ ಸಾಂಗವಾಗಿ ನೆರವೇರಿತು. ತುಮಕೂರನ್ನು ಬಿಟ್ಟ ಬಸ್ಸು ಕೊರಟಗೆರೆಯನ್ನು ಹಾದು, ಮಧುಗಿರಿಯ ಆ ಮಹತ್ತಾದ ಏಕಶಿಲೆಯ ಬುಡವನ್ನು ದಾಟಿ, ಮಿಡಿಗೇಶಿಯ ದುರ್ಗವನ್ನೂ ಹಿಂದಿಟ್ಟು ಪಾವಗಡವನ್ನು ಸೇರುವಷ್ಟರಲ್ಲಿ, ಬೇಸಗೆಯ ರಜೆಗೆಂದು ಅಮ್ಮನೊಡನೆ ಅಜ್ಜಿಯ ಮನೆಗೆ ಇದೇ ಹಾದಿಯಲ್ಲಿ ಬರುತ್ತಿದ್ದ ಕಾಲದ ಸಮಸ್ತವೂ ಒಂದೊಂದಾಗಿ ಮನಸ್ಸಿಗೆ ಬಂದಿತು. ನಂದಿಯ ಸೀಮೆಯಲ್ಲಿ ಹುಟ್ಟಿ, ಗೌರಿಬಿದನೂರು ಹಿಂದೂಪುರಗಳ ಮೇಲೆ ಹರಿದು, ಪುನಃ ನಮ್ಮ ನಾಡಿನೊಳಗೆ ಒಂದಿಷ್ಟು ದೂರ ಸುಳಿದು ಪೇರೂರಿನ ಕಡೆಗೆ ಹೊರಟುಹೋಗುವ ಉತ್ತರ ಪಿನಾಕಿನಿಯು ಅಂದಿನಂತೆಯೇ ಇಂದೂ ನೀರಿಗಿಂತ ಮರಳನ್ನೇ ಹೆಚ್ಚಾಗಿ ಹೊತ್ತು ಮಲಗಿದ್ದಾಳೆ. ಕುಕ್ಕೆಯು ಆದಿ, ಘಾಟಿಯು ಮಧ್ಯ, ನಾಗಲಮಡಿಕೆಯು ಅಂತ್ಯ ಸುಬ್ರಹ್ಮಣ್ಯ ಕ್ಷೇತ್ರವೆಂದು ತಾತ ಬೆರಳು ಮಡಿಸಿ ನಮಗೆ ಹೇಳಿಕೊಡುತ್ತಿದ್ದುದು ನಿನಗೆ ನೆನಪಿರಬೇಕು. ವೃದ್ಧಾಪ್ಯದ ದೆಸೆಯಿಂದ ಕುಕ್ಕೆಯ ಯಾತ್ರೆಯನ್ನು ಕೈಗೊಳ್ಳಲಾರದೆ ಹೋದ ಅನ್ನಂಭಟ್ಟರೆಂಬ ಭಕ್ತರಿಗಾಗಿ ಸ್ವಾಮಿಯು ತಾನೇ ಈ ನದೀತೀರಕ್ಕೆ ಬಂದು ನೆಲಸಿದನೆಂಬ ಸ್ಥಳಪುರಾಣವನ್ನು ನಿನ್ನೆ ದೇವಸ್ಥಾನದ ಪ್ರಾಕಾರದಲ್ಲಿ ಯಾರೋ ಹೇಳುತ್ತಿದ್ದಾಗ, ಮಂಡಿಯ ನೋವಿನಿಂದ ಈ ಸಲ ಬರಲಾಗದೆ ಮನೆಯಲ್ಲಿ ಉಳಿದ ನಿನ್ನನ್ನು ನೆನೆದು ನನ್ನ ಕಣ್ಣು ತೇವವಾಯಿತು. ಪ್ರಸಾದವನ್ನು ತೆಗೆದಿಟ್ಟಿದ್ದೇನೆ.

ಜಾತ್ರೆಯ ಬೀದಿಯಲ್ಲಿ ಬೆಂಡು ಬತ್ತಾಸುಗಳ, ಕಡ್ಲೆಪುರಿ ಖಾರಗಳ ಅಂಗಡಿಗಳು ಎಂದಿನಂತೆ ಸಾಲಾಗಿ ಕುಳಿತಿವೆ. ಆದರೆ ನಾನು ಬರೆಯಬೇಕೆಂದಿರುವುದು ಅವುಗಳನ್ನು ಕುರಿತಲ್ಲ. ತೇರು ನೆಲೆಗೆ ಬಂದ ಮೇಲೆ ಬಿಸಿಲಿಗೆ ಬಳಲಿ ಶೆಟ್ಟರ ಅಂಗಡಿಯ ಜಗುಲಿಯ ಮೇಲೆ ಕುಳಿತೆನು. ನಮ್ಮ ಕಾಲದ ಶೆಟ್ಟರು ಈಗ ಇಲ್ಲ. ಅವರ ಮಗನ ತಲೆಯೂ ನರೆತಿದೆ. ಗಾಜಿನ ಭರಣಿಗಳು ನಿಲ್ಲುತ್ತಿದ್ದ ಸ್ಥಳದಲ್ಲಿ ಬಣ್ಣಬಣ್ಣದ ಚಿಕ್ಕ ಪೊಟ್ಟಣಗಳು ತೋರಣದಂತೆ ಜೋತುಬಿದ್ದಿವೆ. ಪಾವಗಡದ ಸೀಮೆಯನ್ನು ಮೂರು ಕಡೆಯಿಂದ ಆಂಧ್ರವು ಸುತ್ತಿಕೊಂಡಿರುವುದರಿಂದ ಒಬ್ಬರೊಡನೆ ತೆಲುಗಿನಲ್ಲಿಯೂ ಮತ್ತೊಬ್ಬರೊಡನೆ ಕನ್ನಡದಲ್ಲಿಯೂ ಒಂದೇ ಉಸಿರಿನಲ್ಲಿ ವ್ಯಾಪಾರ ನಡೆಸುವ ಅವರ ತಂದೆಯ ಚಾತುರ್ಯವು ಮಗನಿಗೂ ಬಂದಿದೆ. ಪಕ್ಕದಲ್ಲಿ ಕಾಯಿಸುತ್ತಿದ್ದ ಚಹಾವನ್ನು ಕೊಂಡು, ಏನಾದರೊಂದು ಬೇಕೆಂದು ಹಳದಿ ಹೊದಿಕೆಯ ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣವನ್ನು ತೆಗೆದುಕೊಂಡೆನು. ಬಿಸ್ಕತ್ತನ್ನು ಅದ್ದಿ, ಅದು ಮುರಿದು ಬೀಳುವುದಕ್ಕೆ ಮೊದಲೇ ಮೇಲೆತ್ತಿ ಬಾಯಿಗಿಟ್ಟ ಆ ಕ್ಷಣದಲ್ಲಿ, ಅಜ್ಜಿಯ ಮನೆಯ ನಡುಮನೆಯೂ, ಗೋಡೆಯ ಗೂಡೂ, ಕಂಬಳಿ ಹೊದ್ದು ಮಲಗಿದ್ದ ನೀನೂ ನನ್ನ ಎದುರಿಗೆ ನಿಂತುಬಿಟ್ಟಿರಿ ಎಂದರೆ ಅದು ಅಲಂಕಾರದ ಮಾತಲ್ಲ.

ನಿನಗೆ ವಿಷಮಶೀತಜ್ವರ ಬಂದಿದ್ದ ಆ ಬೇಸಗೆಯನ್ನು ನಾನು ಹೇಗೆ ಮರೆಯಲಿ? ಸೌದೆಯ ಒಲೆಯಲ್ಲದೆ ಬೇರೆ ಯಾವುದರ ಮೇಲೂ ಬೇಯಿಸಿದ್ದನ್ನು ಮುಟ್ಟದ, ಬೇರೆ ಕೈಯ ಅಡುಗೆಯನ್ನು ಎಂದೂ ಒಪ್ಪದ ಅಜ್ಜಿಯ ಮನೆಯಲ್ಲಿ, ಯಾವ ಊರಿನಲ್ಲಿ, ಯಾರು, ಏನನ್ನು ಬೆರೆಸಿ ಮಾಡಿದರೆಂದು ಗೊತ್ತಿಲ್ಲದ ಬಿಸ್ಕತ್ತಿಗೆ ಪ್ರವೇಶವೇ ಇರಲಿಲ್ಲ. ಅದರಲ್ಲಿ ಮೊಟ್ಟೆ ಇರುವುದೆಂಬ ಶಂಕೆಯು ಆಗಿನ ಮಡಿವಂತ ಮನೆಗಳಲ್ಲೆಲ್ಲ ಇದ್ದಿತು. ಆದರೆ ಪಾವಗಡದಿಂದ ಬಂದ ವೈದ್ಯರು, ಲಂಘನವು ಮುಗಿದ ಮೇಲೆ ಗಂಜಿಯ ಜೊತೆಗೆ ಹಾಲಿನಲ್ಲಿ ನೆನೆಸಿದ ಬಿಸ್ಕತ್ತನ್ನು ಕೊಡಬಹುದೆಂದು ಹೇಳಿಹೋದ ಸಾಯಂಕಾಲ, ತಾತನನ್ನು ಶೆಟ್ಟರ ಅಂಗಡಿಗೆ ಕಳುಹಿಸಿದವಳು ಅಜ್ಜಿಯೇ. ಔಷಧಕ್ಕೆ ಮೈಲಿಗೆಯಿಲ್ಲವೆಂದು ಆಕೆ ಹೇಳಿದ ಸ್ವರವು ಇನ್ನೂ ನನ್ನ ಕಿವಿಯಲ್ಲಿದೆ. ಪೊಟ್ಟಣವು ಅಡುಗೆಮನೆಯ ಹೊಸ್ತಿಲನ್ನು ದಾಟಲಿಲ್ಲ, ನಿಜ. ನಡುಮನೆಯ ಗೂಡಿನಲ್ಲಿ ಅದಕ್ಕೊಂದು ನೆಲೆಯಾಯಿತು. ಆದರೆ ದಿನಕ್ಕೆರಡು ಬಾರಿ ನಿನ್ನ ತಲೆಯನ್ನು ತೊಡೆಯ ಮೇಲಿರಿಸಿಕೊಂಡು, ಬಿಸ್ಕತ್ತನ್ನು ಬೆಳ್ಳಿಯ ಬಟ್ಟಲಿನ ಹಾಲಿನಲ್ಲಿ ಅದ್ದಿ ಅದ್ದಿ ತಿನ್ನಿಸಿದ ಕೈ ಆ ಮಡಿಯ ಕೈಯೇ ಅಲ್ಲವೆ? ಮಂಚದ ಕಾಲನ್ನು ಹಿಡಿದು ನಿಂತಿರುತ್ತಿದ್ದ ನನಗೆ ನೀನು ಕಣ್ಣಿನಿಂದಲೇ ಸನ್ನೆ ಮಾಡಿ, ಅರ್ಧವನ್ನು ಕಂಬಳಿಯೊಳಗೆ ಮುಚ್ಚಿಟ್ಟುಕೊಂಡು ಆಮೇಲೆ ಕೊಡುತ್ತಿದ್ದೆ. ಆ ಅರ್ಧ ಬಿಸ್ಕತ್ತಿನ ಅಂಚನ್ನು ಮಾತ್ರ ಮೊದಲು ಕಡಿದು, ಮೈಮೇಲೆ ಒತ್ತಿದ್ದ ಅಕ್ಷರಗಳನ್ನು ಕೊನೆಯವರೆಗೂ ಕಾಪಾಡಿಕೊಳ್ಳುತ್ತಿದ್ದೆನು. ಐದನೆಯ ತರಗತಿಯವರೆಗೆ ಇಂಗ್ಲಿಷಿನ ಸುಳಿವೇ ಇಲ್ಲದ ಆ ಕಾಲದಲ್ಲಿ ನಾನು ಕಂಡ ಮೊದಲ ಇಂಗ್ಲಿಷ್ ಅಕ್ಷರಗಳು ಅವೇ. ನೀನು ಹಾಸಿಗೆಯಲ್ಲಿ ಮಲಗಿಕೊಂಡೇ ಅವುಗಳನ್ನು ನನಗೆ ಓದಿಸಿದೆ.

ನಮ್ಮ ಜನರಲ್ಲಿ ಬಿಸ್ಕತ್ತು ಮನೆಯೊಳಗೆ ಬಂದದ್ದು ಬಹುಮಟ್ಟಿಗೆ ಈ ರೋಗಿಯ ಪಥ್ಯದ ಬಾಗಿಲಿನಿಂದಲೇ ಎಂದು ನನಗೆ ತೋರುತ್ತದೆ. ಇಂದಿಗೂ ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೊರಟವರ ಕೈಚೀಲದಲ್ಲಿ ಬ್ರೆಡ್ಡಿನ ಜೊತೆಗೆ ಒಂದು ಪೊಟ್ಟಣ ಬಿಸ್ಕತ್ತು ಇದ್ದೇ ಇರುತ್ತದೆ. ಹಬ್ಬದ ಭಕ್ಷ್ಯಗಳು ಸಂತೋಷದ ದಿನಗಳಲ್ಲಿ ಎಲ್ಲರಿಗೂ ಸಮನಾಗಿ ದೊರೆಯುವಂಥವು. ಬಿಸ್ಕತ್ತಾದರೋ ಮನೆಯವರೆಲ್ಲರೂ ಒಬ್ಬ ಮಗುವಿಗಾಗಿ ಕಳವಳಪಟ್ಟ ದಿನಗಳಲ್ಲಿ ಆ ಮಗುವಿಗೆಂದೇ ಬಂದಂಥದು. ಇಷ್ಟು ಅಗ್ಗವಾದ, ಸಾಮಾನ್ಯವಾದ ಪದಾರ್ಥಕ್ಕೆ ಇಷ್ಟು ವಾತ್ಸಲ್ಯವು ಅಂಟಿಕೊಂಡಿರುವುದಕ್ಕೆ ಕಾರಣವನ್ನು ನಾನು ಇಲ್ಲಿಯೇ ಕಾಣುತ್ತೇನೆ.

ಈ ಬಿಸ್ಕತ್ತಿನ ಪೂರ್ವೋತ್ತರವನ್ನೂ ನಿನಗೆ ತಿಳಿಸಿಬಿಡುತ್ತೇನೆ. 1929ರಲ್ಲಿ ಮುಂಬಯಿಯ ವಿಲೇಪಾರ್ಲೆಯಲ್ಲಿ ಪೆಪ್ಪರ್‌ಮಿಂಟು ಮೊದಲಾದ ಮಿಠಾಯಿಗಳನ್ನು ಮಾಡುವುದಕ್ಕಾಗಿ ಮೋಹನಲಾಲ್ ದಯಾಳ್ ಚೌಹಾಣರು ತೆರೆದ ಕಾರ್ಖಾನೆಯು, ಹತ್ತು ವರ್ಷಗಳ ತರುವಾಯ ಬಿಸ್ಕತ್ತಿಗೆ ಕೈಹಾಕಿತು. ಅದುವರೆಗೆ ಬಿಸ್ಕತ್ತೆಂಬುದು ದೊರೆಗಳ ಚಹಾದ ಮೇಜಿನ ಮೇಲಿನ ವಸ್ತು. ಸಾಮಾನ್ಯನು ಕೊಂಡು ತಿನ್ನಬಲ್ಲ ಸ್ವದೇಶೀ ಬಿಸ್ಕತ್ತನ್ನು ಮಾಡಬೇಕೆಂಬ ಹಠವು ಆ ಉದ್ಯಮದ ಹಿಂದೆ ಇದ್ದಿತು. ನಮ್ಮ ಬಾಲ್ಯದಲ್ಲಿ ಅದು ಪಾರ್ಲೆ ಗ್ಲೂಕೊ. ಗ್ಲೂಕೋಸ್ ಎಂಬ ಹೆಸರಿನ ಬಿಸ್ಕತ್ತುಗಳನ್ನು ಅನೇಕರು ಮಾಡತೊಡಗಿದ್ದರಿಂದ 1980ರ ದಶಕದಲ್ಲಿ ಪಾರ್ಲೆ-ಜಿ ಆಯಿತು. ಮೇಣದ ಕಾಗದವು ಹೋಗಿ ಪ್ಲಾಸ್ಟಿಕ್ಕಿನ ಹೊದಿಕೆಯು ಬಂದಿತು. 2011ರಲ್ಲಿ ನೀಲ್ಸನ್ ಸಂಸ್ಥೆಯವರು ಜಗತ್ತಿನಲ್ಲಿಯೇ ಎಲ್ಲಕ್ಕಿಂತ ಹೆಚ್ಚಾಗಿ ಮಾರಾಟವಾಗುವ ಬಿಸ್ಕತ್ತು ಇದೇ ಎಂದು ಲೆಕ್ಕಹಾಕಿದರು. ವಿಲೇಪಾರ್ಲೆಯ ಆ ಮೂಲ ಕಾರ್ಖಾನೆಯು ಮಾತ್ರ 2016ರಲ್ಲಿ ಮುಚ್ಚಿತು. ಭಾವನವರು ಬೆಳಗಿನ ಕಾಫಿಯೊಡನೆ ತಪ್ಪದೆ ತಿನ್ನುವ ಮೇರಿ ಬಿಸ್ಕತ್ತಿನ ವಂಶವೃಕ್ಷವು ಇನ್ನೂ ದೊಡ್ಡದು: 1874ರಲ್ಲಿ ರಷ್ಯಾದ ಚಕ್ರವರ್ತಿಯ ಮಗಳಾದ ಮರಿಯಾಳಿಗೂ ಇಂಗ್ಲೆಂಡಿನ ರಾಜಕುಮಾರನಿಗೂ ವಿವಾಹವಾದಾಗ, ಆ ಸಂಭ್ರಮದ ಸ್ಮರಣೆಗಾಗಿ ಲಂಡನ್ನಿನ ಪೀಕ್ ಫ್ರೀನ್ ಎಂಬ ಕಂಪನಿಯವರು ಅದನ್ನು ಮೊದಲು ಮಾಡಿದರು. ಒಂದು ರಾಜವಿವಾಹದ ಬಿಸ್ಕತ್ತು ಕಾಲಾಂತರದಲ್ಲಿ ನಮ್ಮ ನಿವೃತ್ತ ಉಪಾಧ್ಯಾಯರುಗಳ ಉಪಾಹಾರವಾಯಿತೆಂಬುದನ್ನು ಭಾವನವರಿಗೆ ಓದಿಹೇಳು, ಸಂತೋಷಪಟ್ಟಾರು.

ಅಜ್ಜಿಯು ಔಷಧದ ನೆಪವಿಲ್ಲದೆ ಒಪ್ಪಿಕೊಂಡ ಬಿಸ್ಕತ್ತು ಒಂದೇ, ಅದು ಚಿಕ್ಕಪ್ಪ ಬೆಂಗಳೂರಿನಿಂದ ತರುತ್ತಿದ್ದ ಬೆಣ್ಣೆ ಬಿಸ್ಕತ್ತು. 1898ರಲ್ಲಿ ಚಿಕ್ಕಪೇಟೆಯಲ್ಲಿ ತಿರುಮಲಾಚಾರ್ಯರು ಬೆಂಗಳೂರು ಬ್ರಾಹ್ಮಿನ್ಸ್ ಬೇಕರಿಯನ್ನು ತೆರೆದಂದಿನಿಂದ, ಹಾಸನದ ಸೀಮೆಯ ಅಯ್ಯಂಗಾರರು ಮೊಟ್ಟೆಯ ಸೋಂಕಿಲ್ಲದೆ ಬೆಣ್ಣೆ ಬಿಸ್ಕತ್ತು, ಖಾರದ ಬಿಸ್ಕತ್ತುಗಳನ್ನು ಮಾಡಿ, ಮಡಿವಂತರ ಮನೆಗಳಿಗೂ ಬೇಕರಿಗೂ ನಡುವೆ ಇದ್ದ ಗೋಡೆಯನ್ನು ಮೆಲ್ಲಮೆಲ್ಲನೆ ಕೆಡವಿದರು. ವಿಶ್ವೇಶ್ವರಪುರದಲ್ಲಿ 1953ರಿಂದ ನಡೆದುಬಂದ ವಿ. ಬಿ. ಬೇಕರಿಯ ಮುಂದೆ ನಾನು ವಿದ್ಯಾರ್ಥಿಯಾಗಿದ್ದಾಗ ನಿಂತದ್ದೆಷ್ಟೋ! ಅಲ್ಲಿಯ ಕಾಂಗ್ರೆಸ್ ಕಡಲೆಬೀಜವನ್ನು ಮೆಲ್ಲುವಾಗಲೆಲ್ಲ, ಮಳೆಯನ್ನು ನಂಬಿ ಕಡಲೆಕಾಯಿಯನ್ನು ಬಿತ್ತಿ ಆಕಾಶವನ್ನು ನೋಡುತ್ತ ಕೂರುವ ಈ ಪಾವಗಡದ ಒಕ್ಕಲುಗಳು ಕಣ್ಣಿಗೆ ಕಟ್ಟುತ್ತಿದ್ದರು.

ಇನ್ನು, ನಿನ್ನೆ ಜಗುಲಿಯ ಮೇಲೆ ಕುಳಿತಿದ್ದಾಗ ನನ್ನ ಮನಸ್ಸನ್ನು ಹಿಡಿದುಕೊಂಡ ಒಂದು ಯೋಚನೆಯನ್ನು ನಿನಗಲ್ಲದೆ ಮತ್ತಾರಿಗೆ ಬರೆಯಲಿ? ಅಜ್ಜಿಯ ತಂಬಿಟ್ಟು, ಚಿಗಳಿ, ಕೋಡುಬಳೆ, ರಾಗಿಯ ಹುರಿಹಿಟ್ಟು, ಇವುಗಳ ಮುಂದೆ ಬಿಸ್ಕತ್ತು ಯಾವ ಲೆಕ್ಕದ್ದೂ ಅಲ್ಲವೆಂದು ನಾವು ಜೀವಮಾನವೆಲ್ಲ ಹೇಳಿಕೊಂಡು ಬಂದಿದ್ದೇವೆ. ಅದು ಸುಳ್ಳೂ ಅಲ್ಲ. ಆದರೆ ಆ ರುಚಿಗಳೆಲ್ಲವೂ ಆಕೆಯ ಕೈಯೊಡನೆಯೇ ಹೋದುವು. ಅಮ್ಮನು ಅದೇ ಬೆಲ್ಲ, ಅದೇ ಎಳ್ಳು, ಅದೇ ಒರಳಿನಿಂದ ಮಾಡಿದ ಚಿಗಳಿಯು ಅಮ್ಮನದಾಯಿತೇ ಹೊರತು ಅಜ್ಜಿಯದಾಗಲಿಲ್ಲ; ಈಗ ಅತ್ತೆ ಮಾಡಿಕೊಟ್ಟದ್ದು ಅತ್ತೆಯದು. ಯಾರ ಕೈಯ ಗುರುತೂ ಇಲ್ಲದೆ, ಯಂತ್ರದ ಬಾಯಿಂದ ಲಕ್ಷೋಪಲಕ್ಷವಾಗಿ ಉದುರುವ ಬಿಸ್ಕತ್ತಾದರೋ, ಯಾರದೂ ಅಲ್ಲದ ಕಾರಣದಿಂದಲೇ ಯಾರ ಮರಣದಿಂದಲೂ ಅಳಿಯದೆ ಉಳಿದುಕೊಂಡಿತು. ಅದು ಮೊದಲಿಗಿಂತ ತೆಳುವಾಗಿದೆ. ಬೆಲೆಯನ್ನು ಏರಿಸಲಾರದ ವರ್ಷಗಳಲ್ಲಿ ಪೊಟ್ಟಣದ ತೂಕವು ಇಳಿಯುತ್ತ ಬಂದಿದೆ. ಮೇಣದ ಕಾಗದವನ್ನು ಬಿಡಿಸುವಾಗ ಏಳುತ್ತಿದ್ದ ಆ ಪರಿಮಳವೂ ಈಗಿಲ್ಲ. ಆದರೂ ಬಿಸಿ ಹಾಲಿನಲ್ಲಿ ಅದ್ದಿದೊಡನೆ ಬರುವ ಗೋಧಿ ಸಕ್ಕರೆಗಳ ಆ ವಾಸನೆಯು ಲೇಶಮಾತ್ರವೂ ಬದಲಾಗಿಲ್ಲವೆಂದು ನಾನು ಪ್ರಮಾಣಮಾಡಿ ಹೇಳಬಲ್ಲೆ. ಅಜ್ಜಿಯ ಅಡುಗೆಯು ನನಗೆ ಅಜ್ಜಿಯನ್ನು ಮರಳಿ ಕೊಡಲಾರದೆ ಹೋಯಿತು. ಆಕೆ ಹೊಸ್ತಿಲ ಹೊರಗೇ ನಿಲ್ಲಿಸಿದ್ದ ಅಂಗಡಿಯ ಬಿಸ್ಕತ್ತು ಆಕೆಯ ತೊಡೆ, ಆಕೆಯ ಬಟ್ಟಲು, ಆಕೆಯ ಕೈಯ ನಡುಕ ಇವೆಲ್ಲವನ್ನೂ ನಿನ್ನೆ ನನಗೆ ತಂದುಕೊಟ್ಟಿತು. ಅಂಗಡಿಯ ತಿನಿಸೆಂದು ಅದನ್ನು ಹಗುರವಾಗಿ ಆಡುವವರ ಮಾತಿಗೆ ನಾನು ಇನ್ನು ಮುಂದೆ ತಲೆದೂಗಲಾರೆ.

ಇಂದು ಬೆಳಗ್ಗೆ ಮಾವನ ಮಗನು ನನ್ನನ್ನು ತಿರುಮಣಿಯ ಸೌರ ವಿದ್ಯುತ್ತಿನ ಸ್ಥಾವರವನ್ನು ತೋರಿಸಲು ಕರೆದುಕೊಂಡು ಹೋಗಿದ್ದನು. ಸುಮಾರು 13,000 ಎಕರೆಗಳ ಒಣಭೂಮಿಯನ್ನು ರೈತರಿಂದ ಗುತ್ತಿಗೆಗೆ ಪಡೆದು 2,050 ಮೆಗಾವಾಟಿನ ವಿದ್ಯುತ್ತನ್ನು ತೆಗೆಯುವ ಆ ಗಾಜಿನ ಬಯಲನ್ನು ನೀನು ಒಮ್ಮೆ ನೋಡಬೇಕು. ನಮ್ಮನ್ನು ಬೇಯಿಸುತ್ತಿದ್ದ ಈ ಸೀಮೆಯ ಬಿಸಿಲಿಗೆ ಇಂಥ ಪುಣ್ಯವುಂಟೆಂದು ತಾತ ಕನಸಿನಲ್ಲಿಯೂ ಎಣಿಸಿರಲಾರರು. ದಾರಿಯ ಬದಿಯ ಚಹಾದ ಅಂಗಡಿಯಲ್ಲಿ ಉತ್ತರ ದೇಶದಿಂದ ಕೆಲಸಕ್ಕೆಂದು ಬಂದ ಹುಡುಗನೊಬ್ಬನು ನಮ್ಮ ಬೆಂಚಿನಲ್ಲಿಯೇ ಕುಳಿತು, ಇದೇ ಬಿಸ್ಕತ್ತನ್ನು ಎರಡೆರಡಾಗಿ ಜೋಡಿಸಿ ಚಹಾದಲ್ಲಿ ಅದ್ದಿ ತಿನ್ನುತ್ತಿದ್ದನು. ಅವನಿಗೂ ಯಾವುದೋ ದೂರದ ಊರು, ಯಾವುದೋ ಗೋಡೆಯ ಗೂಡು, ಯಾರದೋ ತೊಡೆ ನೆನಪಿಗೆ ಬರುತ್ತಿರಬಹುದೆಂದು ಎಣಿಸಿ, ನನಗೆ ತಿಳಿದಷ್ಟು ಹಿಂದಿಯಲ್ಲಿ ನಿನ್ನ ಊರಿನಲ್ಲಿಯೂ ಇದು ಸಿಗುತ್ತದೆಯೆ ಎಂದು ಕೇಳಿದೆನು. ಸಿಗುತ್ತದೆಂದು ಹೇಳಿ, ಪೊಟ್ಟಣವನ್ನು ನನ್ನ ಕಡೆಗೆ ಚಾಚಿದನು. ನಾನು ಒಂದನ್ನು ತೆಗೆದುಕೊಂಡೆನು.

ನಿನ್ನಲ್ಲಿ ಕೇಳಬೇಕಾದ ಮಾತೊಂದು ಉಳಿದಿದೆ. ಅಜ್ಜಿಯು ನಿನಗೆ ಅಷ್ಟೊಂದು ಅದ್ದಿ ತಿನ್ನಿಸಿದಳಲ್ಲ, ತಾನು ಎಂದಾದರೂ ಒಂದು ಚೂರನ್ನಾದರೂ ಬಾಯಿಗೆ ಹಾಕಿಕೊಂಡದ್ದನ್ನು ನೀನು ಕಂಡಿದ್ದೀಯಾ? ಕೊನೆಯ ಕಾಯಿಲೆಯಲ್ಲಿ ಆಕೆಗೆ ಏನು ಕೊಡುತ್ತಿದ್ದರೆಂದು ಅತ್ತೆಯನ್ನು ಕೇಳಿದೆನು. ಗಂಜಿಯ ತಿಳಿ ಮಾತ್ರವೆಂದು ಅವರ ನೆನಪು. ಆಗ ಬಾಣಂತಿಯಾಗಿ ಇಲ್ಲಿಯೇ ಇದ್ದವಳು ನೀನು. ನೆನಪಿದ್ದರೆ ಮರುಟಪಾಲಿಗೆ ಬರೆ.

ಪ್ರಸಾದ, ಅತ್ತೆ ಕೊಟ್ಟ ಕಡಲೆಕಾಯಿ ಮತ್ತು ಶೆಟ್ಟರ ಅಂಗಡಿಯಿಂದ ಕೊಂಡ ಒಂದು ಡಜನ್ ಪೊಟ್ಟಣಗಳನ್ನು ಗಂಟುಕಟ್ಟಿ ಇಟ್ಟುಕೊಂಡಿದ್ದೇನೆ. ಏಕಾದಶಿಯಂದು ಇಲ್ಲಿಂದ ಹೊರಟು ಮಧುಗಿರಿಯಲ್ಲಿ ಇಳಿದು, ಮರುದಿನ ನಿಮ್ಮಲ್ಲಿಗೆ ಬರುವೆನು. ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ಇತಿ ನಿನ್ನ ಪ್ರೀತಿಯ ತಮ್ಮ