ಬೆಳ್ಳಿ ಬಂತೇನಮ್ಮಾ?

1980ರ ದಶಕದ ಆರಂಭದಲ್ಲಿ ನಾನು ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ ಸೇರಿದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಸ್ಯಾಂಪಲ್ ಸಿದ್ಧಮಾಡುವ ಕೆಲಸ, ತಿಂಗಳಿಗೆ 800 ರೂಪಾಯಿ ಸಂಬಳ. ಸ್ಯಾಂಪಲ್ ಕೊಯ್ಯುವ ವಜ್ರದ ಚಾಕು ಒಂದಕ್ಕೆ ನನ್ನ ವರ್ಷದ ಸಂಬಳವೂ ಸಾಲುತ್ತಿರಲಿಲ್ಲ. ಅದು ನಮ್ಮ ಹಿರಿಯರಾದ ರಾಯರ ಬೀರುವಿನಲ್ಲಿ ಭದ್ರವಾಗಿತ್ತು. ನಮಗೆ ಗಾಜಿನ ಚಾಕು. ದಪ್ಪ ಗಾಜಿನ ಪಟ್ಟಿಯನ್ನು ಚೌಕವಾಗಿ ಮುರಿದು, ಚೌಕವನ್ನು ಮೂಲೆಯಿಂದ ಮೂಲೆಗೆ ಸೀಳಿ, ದಿನಾ ಹೊಸದಾಗಿ ಮಾಡಿಕೊಳ್ಳುತ್ತಿದ್ದೆವು.

ಮೊದಲು ಅಂಗಾಂಶದ ಚೂರನ್ನು ಗ್ಲುಟರಾಲ್ಡಿಹೈಡಿನಲ್ಲಿ ನೆನೆಹಾಕಿ, ಆಮೇಲೆ ಆಸ್ಮಿಯಂ ಟೆಟ್ರಾಕ್ಸೈಡಿಗೆ ಹಾಕುತ್ತಿದ್ದೆವು. ಅದರ ಘಾಟು ಬ್ಲೀಚಿಂಗ್ ಪೌಡರಿನಂಥದ್ದು, ಆವಿ ಕಣ್ಣಿಗೆ ಅಪಾಯ. ಚೂರು ಮಸಿಯಷ್ಟು ಕಪ್ಪಾಗುತ್ತಿತ್ತು. ಕೋಶದ ಪೊರೆಗಳಿಗೆ ಕಚ್ಚಿಕೊಂಡ ಆ ಭಾರಲೋಹ ಎಲೆಕ್ಟ್ರಾನುಗಳನ್ನು ಚದುರಿಸುವುದರಿಂದಲೇ ಚಿತ್ರ ಮೂಡುತ್ತಿದ್ದದ್ದು. ಸಂಜೆ ಮನೆಗೆ ಹೋದರೆ ಅಮ್ಮ ಹಿತ್ತಿಲ ಬಾಗಿಲಲ್ಲೇ ತಡೆದು, “ಬಚ್ಚಲಿಗೆ ಹೋಗಿ ಹಂಡೆ ನೀರಲ್ಲಿ ಕೈ ತೊಳಿ, ಆಮೇಲೆ ಒಲೆ ಹತ್ತಿರ ಬಾ” ಎನ್ನುತ್ತಿದ್ದಳು.

ಚೂರನ್ನು ಅರಾಲ್ಡೈಟ್ ರಾಳದಲ್ಲಿ ಕೂರಿಸಿ, 60 ಡಿಗ್ರಿ ಶಾಖದಲ್ಲಿ ಎರಡು ದಿನ ಗಟ್ಟಿಮಾಡಿ, 70 ನ್ಯಾನೋಮೀಟರ್ ತೆಳುವಾಗಿ ಕೊಯ್ಯುತ್ತಿದ್ದೆವು. ಅಂದರೆ ತಲೆಕೂದಲ ದಪ್ಪದಲ್ಲಿ ಹೆಚ್ಚುಕಡಿಮೆ ಸಾವಿರದ ಒಂದು ಪಾಲು. ಚಾಕುವಿನ ಹಿಂದಿನ ಪುಟ್ಟ ದೋಣಿಯ ನೀರಿನ ಮೇಲೆ ಆ ಹಾಳೆಗಳು ತೇಲುತ್ತಿದ್ದವು. ಬಣ್ಣವೇ ಅಳತೆ: ಹೊನ್ನಿನ ಬಣ್ಣವಾದರೆ ದಪ್ಪ, ಬೆಳ್ಳಿಯಾದರೆ ಸರಿ. “ಬೆಳ್ಳಿ ಬಂತೇನಮ್ಮಾ?” ಎಂದು ರಾಯರು ಬಾಗಿಲಿನಿಂದಲೇ ಕೇಳುತ್ತಿದ್ದರು. ಕಡ್ಡಿಯ ತುದಿಗೆ ಉಗುರುಬಣ್ಣದಿಂದ ಅಂಟಿಸಿದ ಕಣ್ರೆಪ್ಪೆಯ ಕೂದಲಿನಿಂದ ಹಾಳೆಗಳನ್ನು ಒತ್ತಟ್ಟಿಗೆ ಸರಿಸಿ, 3 ಮಿಲಿಮೀಟರಿನ ತಾಮ್ರದ ಜಾಲರಿಯ ಮೇಲೆ ಎತ್ತಿಕೊಳ್ಳುತ್ತಿದ್ದೆ.

ಇಷ್ಟೆಲ್ಲ ಮಾಡಿ ಸಿಗುತ್ತಿದ್ದದ್ದು ಬೂದುಬಣ್ಣದ ಚಿತ್ರ. ಪೊರೆಗಳೆಲ್ಲ ಸ್ಪಷ್ಟ, ಯಾವ ಪ್ರೋಟೀನು ಎಲ್ಲಿದೆ ಎಂಬುದು ಮಾತ್ರ ತಿಳಿಯದು. ಅದನ್ನು ಹೇಳಬಲ್ಲ ಬೆಳಕಿನ ಮೈಕ್ರೋಸ್ಕೋಪಿಗೆ 200 ನ್ಯಾನೋಮೀಟರಿಗಿಂತ ಸೂಕ್ಷ್ಮವಾದದ್ದು ಆಗ ಬಿಡಿಸಿ ಕಾಣುತ್ತಿರಲಿಲ್ಲ. ಒಂದೇ ಕೋಶವನ್ನು ಎರಡರಲ್ಲೂ ನೋಡಿದವರು ಲೋಕದಲ್ಲಿ ಆಗಲೂ ಇದ್ದರು. ನಾವು ಮಾತ್ರ ಬೆಳಕಿನ ಮೈಕ್ರೋಸ್ಕೋಪಿನಲ್ಲಿ ತೆಗೆದ ಒಂದು ಕೋಶದ ಹೊಳಪಿನ ಚಿತ್ರವನ್ನೂ ಇನ್ನೊಂದರ ಎಲೆಕ್ಟ್ರಾನ್ ಚಿತ್ರವನ್ನೂ ಅಕ್ಕಪಕ್ಕ ಅಂಟಿಸುತ್ತಿದ್ದೆವು. “ಎರಡೂ ಒಂದೇ ಕೋಶದ್ದಾ ಸಾರ್?” ಎಂದು ಒಬ್ಬಳು ವಿದ್ಯಾರ್ಥಿನಿ ಕೇಳಿದಳು. “ಅಲ್ಲಮ್ಮ, ಒಂದೇ ಬಗೆಯದು” ಎಂದರು ರಾಯರು.

1994ರಲ್ಲಿ ಅಂಬಲಿಮೀನಿನ ಹಸಿರು ಹೊಳೆಯುವ ಪ್ರೋಟೀನನ್ನು ಬೇರೆ ಜೀವಿಗಳಲ್ಲೂ ಬೆಳಗಿಸಿ ತೋರಿಸಿದರು. ಬದುಕಿರುವ ಕೋಶದಲ್ಲೇ ನಮಗೆ ಬೇಕಾದ ಪ್ರೋಟೀನು ಮಿನುಗತೊಡಗಿತು. ಆದರೆ ಆಸ್ಮಿಯಂ ತಾಗಿದೊಡನೆ ಆ ಹೊಳಪು ಆರುತ್ತಿತ್ತು. ಉಪಾಯ ಸರಳವಾಗಿತ್ತು: ಅಕ್ಷರ, ಅಂಕಿ ಕೊರೆದ ಗಾಜಿನ ಮೇಲೆ ಕೋಶ ಬೆಳೆಸಿ, ಮೊದಲು ಹೊಳಪಿನ ಚಿತ್ರ ತೆಗೆದು, ವಿಳಾಸ ಬರೆದುಕೊಂಡು, ಆಮೇಲೆ ಆಸ್ಮಿಯಂ ಹಾಕುವುದು. ಮುಂದೆ ಕೋಶವನ್ನು ಥಟ್ಟನೆ ಹೆಪ್ಪುಗಟ್ಟಿಸಿ, ಬೇರೆ ರಾಳ ಬಳಸಿ, ಕೊಯ್ದ ಹಾಳೆಯಲ್ಲೇ ಹೊಳಪನ್ನು ಉಳಿಸಿಕೊಂಡರು.

ಈಗಿನವರು ಈ ಜೋಡಿವಿದ್ಯೆಯನ್ನು ‘ಕ್ಲೆಮ್’ ಎನ್ನುತ್ತಾರೆ. ಈಚೆಗೆ ಒಬ್ಬ ಹುಡುಗ ಕೆಲಸ ಮಾಡುವುದನ್ನು ಪಕ್ಕದಲ್ಲಿ ಕುಳಿತು ನೋಡಿದೆ. ದ್ರವ ಈಥೇನಿನಲ್ಲಿ ಕೋಶವನ್ನು ಹೆಪ್ಪುಗಟ್ಟಿಸಿ, ಹೊಳೆಯುವ ಚುಕ್ಕೆಯನ್ನು ಗುರುತಿಸಿ, ಅಯಾನುಗಳ ಕಿರಣದಿಂದ ಅದರ ಸುತ್ತಲಿನದನ್ನು ಹೆರೆದು ತೆಗೆದ. ಆಸ್ಮಿಯಂ ಇಲ್ಲ, ರಾಳ ಇಲ್ಲ, ಕೋಣೆಯಲ್ಲಿ ಯಾವ ವಾಸನೆಯೂ ಇಲ್ಲ. ಗಾಜಿನ ಚಾಕು ಮುರಿಯುವ ವಿದ್ಯೆ ಅವನಿಗೆ ಬೇಕಿಲ್ಲ, ಬೇಕಾಗಲೂಬಾರದು. ನಾವು ಅಂದಾಜಿನಿಂದ ಹೇಳುತ್ತಿದ್ದದ್ದನ್ನು ಅವನು ಅದೇ ಕೋಶದ ಮೇಲೆ ಬೆರಳಿಟ್ಟು ತೋರಿಸುತ್ತಾನೆ.

ಆದರೂ ಎರಡು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸುವ ಕೆಲಸ ಇಂದಿಗೂ ನಾಜೂಕಿನದೇ. ಅದಕ್ಕೆಂದೇ ಎರಡರಲ್ಲೂ ಕಾಣುವ ಸಣ್ಣ ಹೊಳೆಯುವ ಮಣಿಗಳನ್ನು ಸ್ಯಾಂಪಲಿಗೆ ಬೆರೆಸುತ್ತಾರೆ. ಇಂಥ ಚಿತ್ರ ನಿಮ್ಮ ಮುಂದೆ ಬಂದರೆ ಮೊದಲು ಆ ಮಣಿಗಳನ್ನು ಹುಡುಕಿ. ಅವು ಒಂದರ ಮೇಲೊಂದು ಸರಿಯಾಗಿ ಕೂತಿದ್ದರೆ ಮಾತ್ರ ಉಳಿದದ್ದನ್ನು ನಂಬಿ.